ತೂತಿನ ಒಡೆಯ ಯಾರು?

ಸವದತ್ತಿ ತಾಲೂಕಿನ ಉಗರಗೋಳ ಯಲ್ಲಮ್ಮನ ಗುಡ್ಡಕ್ಕೆ ಹೊಂದಿಕೊಂಡ ಊರು. ಮಾತಾಡುತ್ತಿರುವವರು ಇಬ್ಬರು: ಒಕ್ಕಲುತನ ಮಾಡುವ ಕಾಕಾ, ಧಾರವಾಡದಲ್ಲಿ ಕೃಷಿ ಓದುತ್ತಿರುವ ಅವರ ಅಣ್ಣನ ಮಗಳು. ಹಿತ್ತಲಲ್ಲಿ ಒಣಗಿದ ಬೇವಿನ ದಿಮ್ಮಿ, ಜಾಲಿಯ ಹಳೆ ಕಂಬ, ಬಳಕೆ ತಪ್ಪಿದ ಚಕ್ಕಡಿ ಇವೆ. ಹೊಲದಲ್ಲಿ ತೊಗರಿ ಹೂ ಬಿಡುವ ಕಾಲ.

ಕಾಕಾ: ಈ ದಿಮ್ಮಿಗೂ ಕಂಬಕ್ಕೂ ಇವತ್ತ ಸುಟ್ಟ ಆಯಿಲ್ ಹಚ್ಚಿಬಿಡಬೇಕಂತ ಮಾಡೇನಿ. ಮೈತುಂಬ ತೂತ ಬಿದ್ದಾವ. ಅದರ ಮ್ಯಾಲ ತರಾವರಿ ಕಣಜ ಸುತ್ತಾಕತ್ತಾವ. ಕಟ್ಟಿಗಿ ಹಾಳ ಮಾಡೂವು ಇವ ಅಲ್ಲೇನು?

ಮಗಳು: ಇವಲ್ರಿ ಕಾಕಾ. ಆಯಿಲ್ ಹಚ್ಚೂಕಿಂತ ಮೊದಲ ಒಂದು ತಾಸು ಇಲ್ಲೆ ಕುಂತು ನೋಡೂಣು. ಇಲ್ಲಿ ಬರೂ ಕಣಜದೊಳಗ ಮೂರು ತರದವು ಅದಾವ. ಒಂದು ತರದವು ಖಾಲಿ ಬಿದ್ದ ತೂತಿನ್ಯಾಗ ಮನಿ ಮಾಡ್ತಾವ. ಇನ್ನೊಂದು ತರದವು ಕಟ್ಟಿಗಿ ಒಳಗಿರೂ ಹುಳದ ಮರಿ ಹುಡುಕಿ ಬರ್ತಾವ. ಮೂರನೇದವು, ತೂತಿನ್ಯಾಗ ಮನಿ ಮಾಡಿದವರ ಮಕ್ಕಳ ಮ್ಯಾಲ ತಮ್ಮ ತತ್ತಿ ಇಟ್ಟು ಹೋಗ್ತಾವ. ಕಡೀ ಎರಡು ತರದವಕ್ಕ ನಾವು ಪರತಂತ್ರ ಜೀವಿ ಅಂತೀವಿ. ಮೂರರಾಗ ಒಂದೂ ಕಟ್ಟಿಗಿ ತಿಂದು ಬದುಕೂದಿಲ್ಲ.

ಕಾಕಾ: ಹಂಗಾರ ಈ ತೂತ ಯಾರು ಹೊಡದ್ರು?

ಮಗಳು: ಅದನ್ನ ನೀವ ಹೇಳ್ರಿ. ಕಟ್ಟಿಗಿ ಜೋಡಿ ಜೀವನ ಮಾಡಿದವರು ನೀವು.

ಕಾಕಾ: ನೋಡವ್ವಾ, ಈ ಸೂಜಿ ಮೊನಿಯಷ್ಟು ಸಣ್ಣ ತೂತ ಐತೆಲ್ಲ, ಬಡದ್ರ ಗೋದಿ ಹಿಟ್ಟಿನಷ್ಟು ನುಣ್ಣನ ಹುಡಿ ಉದರ್ತೈತಿ. ಇದು ಕುಟ್ಟೆ ಹುಳದ್ದು. ಹಸಿ ಕಟ್ಟಿಗಿ ಕಡದು ತೊಗಟಿ ಸಮೇತ ಒಗದ್ರ ಬೇಕಂತ ಬರ್ತಾವ. ಇದಕ್ಕಿಂತ ದೊಡ್ಡದು, ಪೆನ್ಸಿಲ್ ಗಾತ್ರದ್ದು, ಪೂರ್ತಿ ದುಂಡಗಿಲ್ಲ, ಒಂದೀಟು ಉದ್ದ. ಇದು ಉದ್ದ ಮೀಸಿ ಇರೂ ಹುಳದ್ದು. ರಾತ್ರಿ ಕಿವಿ ಇಟ್ರ ಒಳಗ ಕರ ಕರ ಅಂತ ಕೇಳ್ತೈತಿ. ಇನ್ನ ಚಕ್ಕಡಿ ಮರಕ್ಕ ಬೆರಳು ಹೋಗೂವಷ್ಟು ದುಂಡನ ತೂತ ಐತೆಲ್ಲ, ಅದು ಗುಂಯ್ ಅಂತ ಬರೂ ಕರೀ ದುಂಬೀದು.

ಮಗಳು: ಪುಸ್ತಕದಾಗೂ ಹಿಂಗ ಐತ್ರಿ. ಹಿಟ್ಟಿನಂಥ ಹುಡಿ ಬಿಡೂವು ಸೈನಾಕ್ಸಿಲಾನ್, ಲಿಕ್ಟಸ್ ಕುಲದ ಕುಟ್ಟೆ ಹುಳ. ಉದ್ದ ಮೀಸೀದು ಸೆರಾಂಬಿಸಿಡೇ ಕುಟುಂಬದ್ದು. ಅದರ ಮರಿ ಒಣ ಕಟ್ಟಿಗಿ ಒಳಗ ಒಮ್ಮೊಮ್ಮೆ ವರ್ಷಗಟ್ಟಲೆ ಇರ್ತೈತಿ. ಕರೀ ದುಂಬಿ ಝೈಲೋಕೋಪಾ ಅನ್ನೂ ಜೇನಿನ ಜಾತಿ. ಅದು ಕೊರದ ಹುಡಿ ಹೊರಗ ಉಗಳ್ತೈತಿ, ತಿನ್ನೂದಿಲ್ಲ. ತಿನ್ನೂದು ಹೂವಿನ ಪರಾಗ, ಮಕರಂದ ಅಷ್ಟ. ಕಣಜದ ಗುರುತು ಹಿಡಿಯೂ ಕೆಲಸ ಇಲ್ಲಿಂದ ಶುರು ಆಗ್ತೈತ್ರಿ. ತೂತಿನ ಒಡೆಯ ಯಾರಂತ ತಿಳೀಲಿಲ್ಲ ಅಂದ್ರ, ಬಾಗಲದಾಗ ನಿಂತವರು ಯಾರಂತ ತಿಳಿಯೂದಿಲ್ಲ.

ಕಾಕಾ: ಒಡೆಯ ಬಿಟ್ಟು ಹೋದಮ್ಯಾಲ ತೂತ ಖಾಲಿ ಉಳೀಬೇಕಲ್ಲ? ಅದರಾಗ ಕೆಲವು ಮುಚ್ಚಿ ಹೋಗ್ಯಾವ.

ಮಗಳು: ಅದು ಬಾಡಿಗಿದಾರರ ಕೆಲಸ. ಮುಚ್ಚಳ ನೋಡಿ ಮಾಡಿದವರು ಯಾರಂತ ಅಂದಾಜ ಹೇಳಬಹುದು. ಇದಕ್ಕ ಮಣ್ಣು ಮೆತ್ತೇತಿ. ಇದರಾಗ ಹೆಚ್ಚಾಗಿ ಬ್ಯಾಟಿ ಆಡೂ ಕಣಜ ಇರ್ತೈತಿ. ಒಳಗ ಕೀಡಿ ಇಲ್ಲಾ ಜ್ಯಾಡ ತುಂಬಿಟ್ಟಿರ್ತೈತಿ. ಕೀಡಿ ತುಂಬೂದು ರಿಂಕಿಯಮ್ ತರದ ಕಣಜ, ಜ್ಯಾಡ ತುಂಬೂದು ಟ್ರಿಪಾಕ್ಸಿಲಾನ್. ಈ ತೂತಿನ್ಯಾಗ ಎಲಿ ದುಂಡಗ ಕತ್ತರಿಸಿ ಒತ್ಯಾರ. ಇದು ಎಲಿ ಕತ್ತರಿಸೂ ಜೇನು, ಮೆಗಾಕೈಲ್. ಅಲ್ಲೆ ನೋಡ್ರಿ, ಒಣ ಹುಲ್ಲಿನ ಕಡ್ಡಿ ಹೊರಗ ಚಾಚ್ಯಾವ. ಅದು ಐಸೊಡಾಂಟಿಯಾ ಕಣಜದ್ದು, ಮಿಡತಿ ಜಾತಿಯವನ್ನ ಹಿಡದು ಒಳಗ ಇಡ್ತೈತಿ.

ಕಾಕಾ: ಎಲಿ ಕತ್ತರಿಸೂ ಹುಳ ನಮ್ಮ ತೊಗರಿ ಹೂವಿನ ಮ್ಯಾಲ ಕಂಡೇನಿ. ಹೊಟ್ಟಿ ಕೆಳಗ ಹಳದಿ ಹುಡಿ ಮೆತ್ತಿಕೊಂಡು ತಿರಗತಿರ್ತೈತಿ.

ಮಗಳು: ಅದ ರಿ. ಉಳಿದ ಭಾಳ ಜೇನು ಕಾಲಿಗೆ ಪರಾಗ ಕಟ್ಟತಾವ, ಮೆಗಾಕೈಲ್ ಹೊಟ್ಟಿ ಕೆಳಗಿನ ಕೂದಲಕ್ಕ ಕಟ್ಟತೈತಿ. ತೊಗರಿ ಹೂ ತನ್ನಷ್ಟಕ್ಕ ತಾನೂ ಕಾಯಿ ಕಚ್ಚತೈತಿ ಖರೆ. ಆದ್ರ ಒಂದು ಗಿಡದ ಪರಾಗ ಇನ್ನೊಂದು ಗಿಡಕ್ಕ ಒಯ್ಯೂದು ಈ ಜೇನು, ಹೆಜ್ಜೇನು, ಕರೀ ದುಂಬಿ. ಅವುಗಳೊಳಗ ಎರಡರ ಮನಿ ಇಂಥ ಒಣ ಕಟ್ಟಿಗ್ಯಾಗ ಐತಿ.

ಕಾಕಾ: ಆತು, ಒಡೆಯನ ಗುರುತು ಹತ್ತಿತು, ಬಾಡಿಗಿದಾರನ ಗುರುತೂ ಹತ್ತಿತು. ಈಗ ಮೂರನೇದವರನ್ನ ತೋರಸು.

ಮಗಳು: ಮೊದಲ ನಡೆ ನೋಡ್ರಿ, ಆಮ್ಯಾಲ ಮೈಕಟ್ಟು. ಮನಿ ಇದ್ದವರು ಬರೂವಾಗ ಬಾಯಾಗ ಮಣ್ಣು, ಎಲಿ, ಕೀಡಿ ಏನರ ಹಿಡಕೊಂಡು ಬರ್ತಾರ. ನೆಟ್ಟಗ ತಮ್ಮ ತೂತಿಗೆ ಬಂದು ಒಳಗ ಹೋಗ್ತಾರ. ಪರತಂತ್ರ ಜೀವಿ ಬರಿಗೈಲೆ ಬರ್ತೈತಿ. ಒಂದ ತೂತಿಗೆ ನಿಲ್ಲೂದಿಲ್ಲ. ಈ ತೂತಿನಿಂದ ಆ ತೂತಿಗೆ ಹೋಗಿ, ಮೀಸಿಲೆ ತಟ್ಟಿ ತಟ್ಟಿ ನೋಡ್ತೈತಿ. ಕೆಲವು ಗಾಳ್ಯಾಗ ತೂತಿನ ಮುಂದ ತೂಗಿಕೊಂಡು ನಿಲ್ಲತಾವ.

ಕಾಕಾ: ಅಲ್ಲೆ ಒಂದು ಕುಂತೈತಿ ನೋಡು. ಹಸರು, ನೀಲಿ, ಬಿಸಲಿಗೆ ನವಿಲಿನ ಕೊರಳ ಹೊಳದಂಗ ಹೊಳ್ಯಾಕತ್ತೈತಿ.

ಮಗಳು: ಅದು ಕ್ರೈಸಿಡಿಡೇ ಕುಟುಂಬದ ಕಣಜ. ಇಂಗ್ಲಿಷಿನ್ಯಾಗ ಕೋಗಿಲಿ ಕಣಜ ಅಂತಾರ, ಬ್ಯಾರೆಯವರ ಗೂಡಿನ್ಯಾಗ ತತ್ತಿ ಇಡ್ತೈತಿ ಅಂತ. ಮೈಮ್ಯಾಲ ಸಣ್ಣ ಸಣ್ಣ ಕುಳಿ ಇರ್ತಾವ. ಹೊಟ್ಟಿ ಕೆಳಗಡೆ ಒಳಕ್ಕ ಬಗ್ಗಿರ್ತೈತಿ. ಮನಿ ಒಡತಿ ತಿರುಗಿ ಬಂದು ಕೈಯಾಗ ಸಿಕ್ರ ಮೈ ಮಡಚಿ ಉಂಡಿ ಆಗಿಬಿಡ್ತೈತಿ. ಕಾಲು ಮೀಸಿ ಎಲ್ಲಾ ಒಳಗ, ಹೊರಗ ಬರೇ ಗಟ್ಟಿ ಕವಚ. ಕಡದರೂ ಹಲ್ಲು ನಾಟೂದಿಲ್ಲ. ನಮ್ಮ ದೇಶದಾಗ ದೊಡ್ಡದು ಸ್ಟಿಲ್ಬಮ್ ಸಯಾನುರಮ್, ಒಮ್ಮೊಮ್ಮೆ 2 ಸೆಂಟಿಮೀಟರ್ ತನಕ ಬೆಳೀತೈತಿ. ಗ್ವಾಡಿ ಮ್ಯಾಲ ಮಣ್ಣಿನ ಗೂಡು ಕಟ್ಟೂ ಕಣಜದ ಬೆನ್ನ ಹತ್ತಿರ್ತೈತಿ.

ಕಾಕಾ: ಈ ಹಳದಿ ಕರೀ ಪಟ್ಟಿ ಇದ್ದದ್ದು? ಇದು ಕಡಿಯೂ ಕಣಜನ ಇರಬೇಕು. ಹಿಂದ ಸರಿ.

ಮಗಳು: ಸರಿಯೂದು ಬ್ಯಾಡ್ರಿ. ಅದರ ಬೆನ್ನು ನೋಡ್ರಿ. ತತ್ತಿ ಇಡೂ ಸೂಜಿ ಬಾಲದಿಂದ ಹೊರಟು, ಮ್ಯಾಲಕ್ಕ ಬಾಗಿ, ಹೊಟ್ಟಿ ಬೆನ್ನಿನ ಮ್ಯಾಲ ಮುಂದಕ್ಕ ಮಲಗೇತಿ. ಹಿಂದಿನ ತೊಡಿ ದಪ್ಪಗ ಉಬ್ಬಿ, ಕೆಳಗ ಹಲ್ಲು ಅದಾವ. ಈ ಎರಡೂ ಒಟ್ಟಿಗೆ ಕಂಡ್ರ ಅದು ಲ್ಯೂಕಾಸ್ಪಿಸ್. ಬಣ್ಣ ಕಡಿಯೂ ಕಣಜದ್ದು. ಕುಂತಾಗ ರೆಕ್ಕಿ ಉದ್ದಕ್ಕ ಮಡಚೂದೂ ಅವರದ್ದ ರೀತಿ. ಅಂಜಿಕಿ ಹುಟ್ಟಸಾಕ ಅಷ್ಟ. ಅದು ಬಂದದ್ದು ಈ ಎಲಿ ಮುಚ್ಚಿದ ತೂತಿನ ಸಲುವಾಗಿ. ಜೇನಿನ ಮರಿ ಒಳಗ ಬಲತಿರಬೇಕು.

ಕಾಕಾ: ತೂತ ಮುಚ್ಚೇತಿ. ಹೆಂಗ ಹೊಕ್ಕೀತು?

ಮಗಳು: ಹೊಗೂದಿಲ್ಲ. ಸೂಜಿ ಬಿಚ್ಚಿ, ಹೊಟ್ಟಿ ಮ್ಯಾಲಕ್ಕ ಎತ್ತಿ, ನೆಟ್ಟಗ ಕೆಳಗ ಇಳಸತೈತಿ. ಭಾಳ ಹೊತ್ತು ಬೇಕು. ಫ್ರಾನ್ಸಿನ ಜೀನ್ ಆನ್ರಿ ಫಾಬ್ರ್ ಅನ್ನೂ ಮಾಸ್ತರು ಕಲ್ಲಿನಷ್ಟು ಗಟ್ಟಿ ಗಾರೆಯ ಗೂಡಿಗೆ ಈ ಜಾತಿ ಸೂಜಿ ಇಳಸೂದನ್ನ ಬಿಸಲಾಗ ಕುಂತು ನೋಡಿ ಬರದಾರ. ಗೂಡು ಒಡದು ಒಳಗೂ ನೋಡಿದ್ರು. ಒಂದ ಕೋಣ್ಯಾಗ ಒಂದಕ್ಕಿಂತ ಹೆಚ್ಚು ತತ್ತಿ ಬೀಳ್ತಾವ, ಆದ್ರ ಬದುಕಿ ಬೆಳೆಯೂದು ಒಂದ ಮರಿ. ಒಂದು ಜೇನಿನ ಮರಿ ಒಂದಕ್ಕ ಅಷ್ಟ ಊಟ.

ಕಾಕಾ: ಅಲ್ಲೊಂದು ತೆಳ್ಳಗ, ದಾರ ಜೋತುಬಿದ್ದಂತದ್ದು, ಬಾಗಲ ಮುಂದ ನಿಂತಲ್ಲೆ ಹಾರಾಕತ್ತೈತಿ.

ಮಗಳು: ಛಲೋ ನೋಡಿದ್ರಿ. ಅದು ಗ್ಯಾಸ್ಟರಪ್ಷನ್. ಗುರುತು ಮೂರು. ಒಂದು, ತಲಿಗೂ ಎದಿಗೂ ನಡುವ ಕುತ್ತಿಗಿ ಎದ್ದು ಕಾಣ್ತೈತಿ. ಎರಡು, ಹಿಂದಿನ ಕಾಲಿನ ಮೊಣಕಾಲ ಕೆಳಗಿನ ಭಾಗ ಉಬ್ಬಿರ್ತೈತಿ, ಹಾರೂವಾಗ ಜೋತು ಬೀಳ್ತೈತಿ. ಮೂರು, ಹೊಟ್ಟಿ ಕಾಲಿನ ಬುಡದಾಗ ಕೂಡೂದಿಲ್ಲ, ಎದಿ ಮ್ಯಾಲ ಎತ್ತರದಾಗ ಕೂಡತೈತಿ. ಭಾಳ ಜಾತಿಯೊಳಗ ಸೂಜಿ ತುದಿ ಬೆಳ್ಳಗಿರ್ತೈತಿ. ಇದರ ಮರಿ ಜೇನಿನ ತತ್ತಿ ಇಲ್ಲಾ ಮರಿ ತಿಂದು, ಆಮ್ಯಾಲ ಅದಕ್ಕ ಕೂಡಿಟ್ಟ ಪರಾಗಾನೂ ತಿಂತೈತಿ.

ಕಾಕಾ: ಹೊಟ್ಟಿ ಎತ್ತರದಾಗ ಕೂಡಿದ್ದು ನಮ್ಮ ಅಡಿಗಿ ಮನ್ಯಾಗೂ ಒಂದು ಐತಿ. ಕರೇದು, ಪುಟ್ಟ ಹೊಟ್ಟಿ, ಸದಾ ಮ್ಯಾಲ ಕೆಳಗ ಬಡಕೊಂತ ಇರ್ತೈತಿ. ತೊಲಿ ಮ್ಯಾಲೂ ತಿರಗತೈತಿ.

ಮಗಳು: ಅದು ಇವಾನಿಯಾ, ಇದರ ಹತ್ತಿರದ ಬಳಗ. ತೊಲಿ ಮ್ಯಾಲ ಕಂಡ್ರೂ ಕಟ್ಟಿಗಿ ಸಂಬಂಧ ಅದಕ್ಕಿಲ್ಲ. ಜಿರಳಿ ತತ್ತಿ ಚೀಲದಾಗ ಅದರ ಮರಿ ಬೆಳೀತೈತಿ. ಅದಕ್ಕ ತೂತಿನ ಹತ್ತಿರ ಕಂಡದ್ದೆಲ್ಲಾ ತೂತಿಗೆ ಬಂದದ್ದು ಅಂತ ಬರೀಬಾರದು. ಇನ್ನೊಂದು ಮಾತು, ರೆಕ್ಕಿ ಎಣಸ್ರಿ. ಕಣಜಕ್ಕ ನಾಲ್ಕು ರೆಕ್ಕಿ. ಎರಡ ರೆಕ್ಕಿ ಇದ್ದು, ಮೈತುಂಬ ಕೂದಲ ಇದ್ದು, ತೂತಿನ ಮುಂದ ನಿಂತು ಹಾರಿದ್ರ ಅದು ಬಾಂಬಿಲಿಡೇ ಕುಟುಂಬದ ನೊಣ. ಅದೂ ಪರತಂತ್ರ ಜೀವೀನ. ಗಾಳ್ಯಾಗಿಂದ ತತ್ತಿ ತೂತಿನ ಬಾಯಿಗೆ ಚಿಮ್ಮತೈತಿ. ಇನ್ನ ದಿಮ್ಮಿ ಮ್ಯಾಲ ರೆಕ್ಕಿ ಇಲ್ಲದ, ಕೂದಲ ತುಂಬಿದ, ದೊಡ್ಡ ಇರುವಿ ಅನಸೂದು ಓಡ್ಯಾಡಿದ್ರ ಕೈ ಹಾಕಬ್ಯಾಡ್ರಿ. ಅದು ಮ್ಯುಟಿಲಿಡೇ ಕುಟುಂಬದ ಹೆಣ್ಣು ಕಣಜ, ಕುಟಕಿದ್ರ ಭಾಳ ಉರಿ.

ಕಾಕಾ: ಇವೆಲ್ಲಾ ಬಾಡಿಗಿದಾರರ ಬೆನ್ನ ಹತ್ತಿದವು. ಕುಟ್ಟೆ ಹುಳದ ಮರೀನ ಹುಡುಕೂವು ಯಾವು? ನನಗ ಬೇಕಾದವು ಅವ.

ಮಗಳು: ಅವು ತೂತ ನೋಡೂದ ಇಲ್ಲ. ತೂತ ಇಲ್ಲದ ಕಡೆ ಸೂಜಿ ಇಳಸತಾವ. ಹುಳ ಹೊರಗ ಬಂದಮ್ಯಾಲ ಬೀಳೂದು ತೂತ, ಮರಿ ಇನ್ನೂ ಒಳಗಿದ್ದಲ್ಲಿ ಮ್ಯಾಲ ಗುರುತ ಇರೂದಿಲ್ಲ. ಕಣಜ ಮೀಸಿಲೆ ತಟ್ಟಿ, ಕಾಲಿಲೆ ಕಟ್ಟಿಗಿ ಒಳಗಿನ ನಡುಕ ಹಿಡದು ಜಾಗ ಗುರುತಸತೈತಿ. ಕುಟ್ಟೆ ಹುಳಕ್ಕ ಬರೂವು ಹೆಚ್ಚಾಗಿ ಬ್ರಕೋನಿಡೇ ಕುಟುಂಬದ ಸಣ್ಣ ಕಣಜ. ಅದರಾಗ ಸ್ಪಾಥಿಯಸ್ ಅನ್ನೂ ಕುಲ ಕಟ್ಟಿಗಿ ಹುಳದ ಮರಿಗೆ ಹೆಸರಾದದ್ದು. ದೊಡ್ಡ ಮರಿಗೆ ಇಕ್ನ್ಯುಮೋನಿಡೇ ಕುಟುಂಬದವು ಬರ್ತಾವ. ಎರಡಕ್ಕೂ ಉದ್ದ ಮೀಸಿ, ತೆಳ್ಳನ ಸೊಂಟ. ಹಿಂದ ಮೂರು ಎಳಿ ಕಂಡ್ರ ನಡುವಿನದು ಸೂಜಿ, ಆಚೆ ಈಚೆ ಎರಡು ಅದರ ಒರಿ.

ಕಾಕಾ: ಎರಡೂ ಒಂದ ನಮೂನಿ ಇದ್ರ ಬ್ಯಾರೆ ಮಾಡೂದು ಹೆಂಗ?

ಮಗಳು: ಮುಂದಿನ ರೆಕ್ಕಿ ನರ ನೋಡಿ. ರೆಕ್ಕಿ ನಡುವಿನಿಂದ ತುದೀ ಕಡೆ ಹೋಗೂವಾಗ ಅಡ್ಡ ನರ ಎರಡು ಕಂಡ್ರ ಇಕ್ನ್ಯುಮೋನಿಡೇ. ಹೊರಗಿನ ಒಂದು ಇಲ್ಲ ಅಂದ್ರ ಸಾಮಾನ್ಯವಾಗಿ ಬ್ರಕೋನಿಡೇ. ಛಲೋ ಮೊಬೈಲ್ ಫೋಟೊ ಇದ್ರ ದೊಡ್ಡ ಕಣಜದಾಗ ಇದು ಕಾಣ್ತೈತಿ.

ಕಾಕಾ: ಕೂದಲೆಳಿಯಂಥ ಸೂಜಿ ಬೇವಿನ ಕಟ್ಟಿಗಿ ಒಳಗ ಇಳಿಯೂದು ಹೆಂಗವ್ವಾ? ನಮ್ಮ ಬೈರಗಿನೂ ತಿರಗೂದಿಲ್ಲ ಅದರಾಗ.

ಮಗಳು: ಸೂಜಿ ಮೂರು ಪಟ್ಟಿ ಕೂಡಿ ಆದದ್ದು. ಒಂದರ ಮ್ಯಾಲ ಒಂದು ಹಿಂದ ಮುಂದ ಜಾರ್ತಾವ, ತುದಿ ಹಲ್ಲು ಕಟ್ಟಿಗಿ ಕೆರೀತೈತಿ. ಕಟ್ಟಿಗಿ ಕೊರಿಯೂ ಭಾಳ ಜಾತಿಯೊಳಗ ಸೂಜಿ ತುದಿಯಾಗ ಸತು ಇಲ್ಲಾ ಮ್ಯಾಂಗನೀಸ್ ಸೇರಿರೂದು ಕಂಡು ಬಂದೈತಿ. ಅದಕ್ಕ ತುದಿ ಅಷ್ಟು ಗಟ್ಟಿ. ಮರಿ ಸಿಕ್ಕ ಮ್ಯಾಲ ಮೊದಲ ವಿಷ ಬಿಟ್ಟು ಅದನ್ನ ಮಿಸುಕದಂಗ ಮಾಡಿ, ಆಮ್ಯಾಲ ತತ್ತಿ ಇಡ್ತಾವ. ಕಟ್ಟಿಗಿ ಹುಳದ ಮರಿ ಹುಡುಕೂ ಇನ್ನೊಂದು ಬಳಗ ಸ್ಟೆಫಾನಿಡೇ. ಗುಂಡನ ತಲಿ, ಹಣಿ ಮ್ಯಾಲ ಐದು ಮುಳ್ಳಿನ ಕಿರೀಟ, ಉದ್ದ ಕುತ್ತಿಗಿ, ಹಲ್ಲಿರೂ ದಪ್ಪ ಹಿಂದಿನ ತೊಡಿ. ಸತ್ತ ಗಿಡದ ಮ್ಯಾಲ ನಿಧಾನ ನಡ್ಯಾಡತಾವ. ಜಗತ್ತಿನ್ಯಾಗ ಇವು 300ಕ್ಕೂ ಹೆಚ್ಚು ಜಾತಿ ಅದಾವ. ಆದ್ರ ಕಾಣಸೂದು ಅಪರೂಪ. ಅಡವಿಯೊಳಗ ಸತ್ತ ಗಿಡ ನಿಂತಲ್ಲೆ ಹುಡುಕಬೇಕು.

ಕಾಕಾ: ನೀ ಹೇಳೂದು ಕೇಳಿದ್ರ ನನಗ ಮಠದ ಪುರಾಣ ನೆನಪಾಗ್ತೈತಿ. ಕಣಜ ಒಂದು ಕೀಡಿ ತಂದು ಮಣ್ಣಿನ ಗೂಡಿನ್ಯಾಗ ಇಟ್ಟು ಗುಂಯ್‌ಗುಡತೈತಿ. ಕೀಡಿ ಅದನ್ನ ಧ್ಯಾನಿಸಿ ಧ್ಯಾನಿಸಿ ತಾನೂ ಕಣಜ ಆಗಿ ಹೊರಗ ಬರ್ತೈತಿ. ಭ್ರಮರ ಕೀಟ ನ್ಯಾಯ ಅಂತಾರ. ಗುರು ಶಿಷ್ಯಗ ಹೇಳೂ ಮಾತು ಅದು. ಶರಣರ ವಚನದಾಗೂ ಬರ್ತೈತಿ.

ಮಗಳು: ಅದನ್ನ ಮೊದಲ ಹೇಳಿದವರ ಕಣ್ಣು ದೊಡ್ಡದ್ರಿ ಕಾಕಾ. ಒಳಗ ಹೋದದ್ದು ಕೀಡಿ, ಹೊರಗ ಬಂದದ್ದು ಕಣಜ. ಇಷ್ಟು ನೋಡಬೇಕಂದ್ರ ಒಂದ ಗೂಡಿನ ಮ್ಯಾಲ ದಿನಗಟ್ಟಲೆ ನಿಗಾ ಇಡಬೇಕು. ಗುರು ಶಿಷ್ಯರ ಅರ್ಥ ಅವರದ್ದು, ಅದು ಹಂಗ ಇರ್ತೈತಿ. ಗೂಡಿನ ಕತ್ತಲದಾಗ ಆದದ್ದು ಬ್ಯಾರೆ. ಕುಟಕಿಸಿಕೊಂಡ ಕೀಡಿ ಮಿಸುಕದ ಬಿದ್ದಿರ್ತೈತಿ, ಕಣಜದ ಮರಿ ಅದನ್ನ ತಿಂದು ಬೆಳೀತೈತಿ. ಮತ್ತ ಒಮ್ಮೊಮ್ಮೆ ಆ ಗೂಡಿನಿಂದ ಕೀಡೀನೂ ಬರೂದಿಲ್ಲ, ಗೂಡು ಕಟ್ಟಿದ ಕಣಜಾನೂ ಬರೂದಿಲ್ಲ. ಹಸರು ಹೊಳಿಯೂ ಮೂರನೇದು ಬರ್ತೈತಿ.

ಕಾಕಾ: ಒಂದನ್ನ ಜೀವಂತ ಇಟ್ಟು ಇನ್ನೊಂದು ತಿನ್ನೂದು. ಕೇಳಿದ್ರ ಹೊಟ್ಟಿ ತೊಳಸತೈತಿ.

ಮಗಳು: ಇದು ಡಾರ್ವಿನ್ನರನ್ನೂ ಕಾಡೇತ್ರಿ. 1860ರಾಗ ಅಮೆರಿಕದ ಸಸ್ಯ ವಿಜ್ಞಾನಿ ಏಸಾ ಗ್ರೇಗೆ ಪತ್ರ ಬರೀವಾಗ, ದಯಾಮಯ ದೇವರು ಬೇಕಂತ ಇಂಥ ಕಣಜ ಹುಟ್ಟಿಸ್ಯಾನ ಅಂತ ನಂಬೂದು ತಮಗ ಕಷ್ಟ ಅನ್ನೂ ಅರ್ಥದಾಗ ಬರದ್ರು. ನನಗ ಅನಸೂದು ಇಷ್ಟ. ಹುಳಕ್ಕ ನಮ್ಮ ನ್ಯಾಯ ಹಚ್ಚೂದು ಬ್ಯಾಡ. ಕುಟ್ಟೆ ಹುಳ ಮಿತಿ ಮೀರದಂಗ ತಡ್ಯೂವರೊಳಗ ಈ ಕಣಜಾನೂ ಒಂದು. ಕಾಫಿ ತೋಟದಾಗ ಬಿಳಿ ಕಾಂಡಕೊರಕ ಅಂತ ಹುಳ ಐತಿ, ಚಿಕ್ಕಮಗಳೂರು, ಕೊಡಗಿನವರ ದೊಡ್ಡ ತಲಿನೋವು. ಅದರ ಮರಿ ಕಾಂಡದ ಒಳಗ ಇರೂದಕ್ಕ ಔಷಧ ಮುಟ್ಟೂದಿಲ್ಲ. ಅಪೆನೇಸಿಯಾ ಅನ್ನೂ ಬೆತಿಲಿಡೇ ಕುಟುಂಬದ ಕಣಜ ಅದಕ್ಕ ಪರತಂತ್ರ ಜೀವಿ. ಹೆಣ್ಣಿಗೆ ರೆಕ್ಕಿ ಇಲ್ಲ, ಚಪ್ಪಟ ಮೈ.

ಕಾಕಾ: ಅದರ ಹೆಸರ ತಿಳಕೊಂಡು ನಮಗೇನು ಸಿಗ್ತೈತಿ? ಕೆಲಸ ಅದು ತಾನ ಮಾಡ್ತೈತೆಲ್ಲ.

ಮಗಳು: ಪಪ್ಪಾಯಿ ಹಿಟ್ಟು ತಿಗಣಿ ಮಾತು ಕೇಳ್ರಿ. 2008ರಾಗ ಕೊಯಿಮತ್ತೂರಿನ ಹತ್ತಿರ ಕಂಡಿತು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ಎಲ್ಲಾ ಬೆಳ್ಳಗ ಮಾಡಿ ಬಿಡ್ತು. ಔಷಧ ಹೊಡದ್ರೂ ಹತೋಟಿಗೆ ಬರಲಿಲ್ಲ. ಯಾವ ಜಾತಿ ಅಂತ ಗುರುತು ಸಿಕ್ಕ ಮ್ಯಾಲ, ಅದಕ್ಕ ಹೊಂದೂ ಕಣಜ ಯಾವುದಂತ ತಿಳೀತು. 2010ರಾಗ ಪೋರ್ಟೊ ರಿಕೊದಿಂದ ಅಸೆರೊಫೇಗಸ್ ಪಪಾಯೆ ಅನ್ನೂ ಪುಟ್ಟ ಕಣಜ ಬೆಂಗಳೂರು ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆಗೆ ತರಿಸಿದ್ರು. ಈಗ ಅದಕ್ಕ ಎನ್‌ಬಿಎಐಆರ್ ಅಂತಾರ. ಅಲ್ಲೆ ಸಾಕಿ ಹೊಲಕ್ಕ ಬಿಟ್ರು, ತಿಗಣಿ ಇಳೀತು. ಹುಳದ ಹೆಸರ ತಪ್ಪಿದ್ರ ಕಣಜಾನೂ ತಪ್ಪತಿತ್ತು.

ಕಾಕಾ: ಅದು ಖರೆ. ಹಂಗಾರ ಇವತ್ತ ಕಂಡದ್ದಕ್ಕ ಪೂರಾ ಹೆಸರ ಬರಕೊ.

ಮಗಳು: ಪೂರಾ ಬರಿಯಾಕ ಬರೂದಿಲ್ರಿ. ಫೋಟೊದಿಂದ ಕುಟುಂಬ ತನಕ, ಒಮ್ಮೊಮ್ಮೆ ಕುಲದ ತನಕ ಹೋಗಬಹುದು. ಜಾತಿ ಹೇಳಾಕ ಭಾಳ ಸಲ ಮೈಕ್ರೊಸ್ಕೋಪ್ ಬೇಕು. ಗಂಡಿಗೆ ಸೂಜಿ ಇರೂದಿಲ್ಲ, ಅದಕ್ಕ ಗುರುತು ಇನ್ನೂ ಬಿಗಿ. ಬಿಂಗ್ಹ್ಯಾಮ್ ಅನ್ನೂ ಬ್ರಿಟಿಷ್ ಅಧಿಕಾರಿ 1897 ಮತ್ತ 1903ರಾಗ ನಮ್ಮ ದೇಶದ ಕಣಜ, ಜೇನು, ಇರುವಿ ಮ್ಯಾಲ ಎರಡು ಸಂಪುಟ ಬರದ್ರು. ಹಸರು ಕಣಜ ಎರಡನೇದರಾಗ ಅದಾವ. 1913ರಾಗ ಕ್ಲಾಡ್ ಮಾರ್ಲಿ ಇಕ್ನ್ಯುಮೋನಿಡೇ ಮ್ಯಾಲ ಬರದ್ರು. ನಮ್ಮ ಕಾಲದಾಗ ಕಲ್ಲಿಕೋಟೆ ವಿಶ್ವವಿದ್ಯಾಲಯದ ಟಿ. ಸಿ. ನರೇಂದ್ರನ್ ಲ್ಯೂಕಾಸ್ಪಿಸ್ ಬಳಗದ್ದೂ, ದಪ್ಪ ತೊಡಿಯ ಕ್ಯಾಲ್ಸಿಡಿಡೇ ಬಳಗದ್ದೂ ಗುರುತು ಹಿಡಿಯೂ ದಾರಿ ಬರದಿಟ್ರು. ಅಂಥವರು ಜೀವಮಾನ ಕೊಟ್ಟ ಕೆಲಸ ಇದು. ಕುಟುಂಬ ಖಾತ್ರಿ ಇದ್ರ ಕುಟುಂಬಾನ ಬರೀಬೇಕು, ಮುಂದಿಂದು ಖಾಲಿ ಬಿಡಬೇಕು. ತಪ್ಪು ಹೆಸರಿಗಿಂತ ಖಾಲಿ ಜಾಗ ಮುಂದಿನವರಿಗೆ ಹೆಚ್ಚು ಉಪಯೋಗ.

ಕಾಕಾ: ಖಾತ್ರಿ ಮಾಡೂ ದಾರಿ ಯಾವುದೂ ಇಲ್ಲೇನು?

ಮಗಳು: ಐತ್ರಿ. ಯಾರು ಬಾಗಲಕ್ಕ ಬಂದ್ರು ಅನ್ನೂದಕ್ಕಿಂತ ಯಾರು ಹೊರಗ ಬಂದ್ರು ಅನ್ನೂದು ದೊಡ್ಡ ಸಾಕ್ಷಿ. ಹುಳ ಇರೂ ಕಟ್ಟಿಗಿ ತುಂಡು ಒಂದು ರಟ್ಟಿನ ಡಬ್ಬ್ಯಾಗ ಹಾಕಿ, ಎಲ್ಲಾ ಕಡೆ ಬೆಳಕು ಬರದಂಗ ಮುಚ್ಚಿ, ಒಂದು ಕಡೆ ಗಾಜಿನ ಸೀಸೆ ಬಾಯಿ ಒಳಗ ತೂರಸೂದು. ಹೊರಗ ಬಂದದ್ದು ಬೆಳಕು ಹುಡುಕಿ ಸೀಸೆಯೊಳಗ ಬರ್ತೈತಿ. ಯಾವ ಕಟ್ಟಿಗಿ, ಯಾವ ಹುಳ, ಯಾವ ಕಣಜ, ಮೂರೂ ಒಟ್ಟಿಗೆ ಸಿಗ್ತಾವ. ಬಾಡಿಗಿದಾರರಿಗೆ ಇನ್ನೂ ಸರಳ. ಕಟ್ಟಿಗಿ ತುಂಡಿಗೆ 4ರಿಂದ 10 ಮಿಲಿಮೀಟರ್ ತನಕ ತೂತ ಹೊಡದು, ಇಲ್ಲಾ ಒಂದು ಕಡೆ ಗಿಣ್ಣು ಇರೂ ಬಿದಿರ ಕೊಳವಿ ಕಟ್ಟಿ, ಮಳಿ ತಾಗದಲ್ಲಿ ತೂಗಿಬಿಟ್ರ ಸಾಕು. ತುಂಬಿದ ಕೊಳವಿ ತಂದು ಪಾರದರ್ಶಕ ಡಬ್ಬ್ಯಾಗ ಇಟ್ಟು ಕಾಯೂದು.

ಕಾಕಾ: ಆದ್ರ ಮನಿ ತೊಲಿ ಹಂಗ ಬಿಡಾಕ ಬರೂದಿಲ್ಲ. ಅದರ ಮ್ಯಾಲ ಮಾಳಿಗಿ ಮಣ್ಣು ಐತಿ, ಕೆಳಗ ಮಕ್ಕಳು ಮಲಗತಾವ.

ಮಗಳು: ತೊಲಿ ಮಾತು ಬ್ಯಾರೆ, ಅದನ್ನ ಕಾಯಲೇಬೇಕು. ಕಟ್ಟಿಗಿ ಚೆನ್ನಾಗಿ ಒಣಗಿಸಿ, ತೊಗಟಿ ತಗದು, ಬೋರ್ಯಾಕ್ಸ್ ಬೋರಿಕ್ ಆಸಿಡ್ ದ್ರಾವಣ ಕೊಟ್ರ ಕುಟ್ಟೆ ಕಡಿಮಿ. ಹಿತ್ತಲದ ದಿಮ್ಮಿ, ಬೇಲಿ ಒಣ ಕಂಬ, ಹೊಲದ ಬದುವಿನ ಸತ್ತ ಜಾಲಿ ಯಾರ ತಲಿ ಮ್ಯಾಲೂ ಬೀಳೂದಿಲ್ಲ. ಅವಕ್ಕ ಆಯಿಲ್ ಹಚ್ಚಿದ್ರ ಕುಟ್ಟೆ ಹುಳದ ಜೋಡಿ ತೊಗರಿಗೆ ಬರೂ ಜೇನು, ಕೀಡಿ ಹಿಡಿಯೂ ಕಣಜ, ಕುಟ್ಟೆ ತಡಿಯೂ ಕಣಜ ಎಲ್ಲಾ ಮನಿ ಕಳಕೋತಾವ. ಪರತಂತ್ರ ಜೀವಿ ಇಷ್ಟು ತರದವು ಕಂಡಾವ ಅಂದ್ರ, ಅವುಕ್ಕ ಸಾಕಾಗೂವಷ್ಟು ಜೇನೂ ಹುಳಾನೂ ಇಲ್ಲೆ ಬದುಕ್ಯಾವ ಅಂತ ಅರ್ಥ. ಅವು ಕಡೀಗೆ ಬರೂವು, ಮೊದಲ ಹೋಗೂವು.

ಕಾಕಾ: ಆಯಿಲ್ ತೊಲಿಗೂ ಬ್ಯಾಡ, ದಿಮ್ಮಿಗೂ ಬ್ಯಾಡ. ನಿನ್ನ ವಹಿಯೊಳಗ ಏನೇನು ಬರೀತಿ ಹೇಳು. ನೀ ಧಾರವಾಡಕ್ಕ ಹೋದಮ್ಯಾಲ ನಾ ಬರದು ಇಡ್ತೇನಿ.

ಮಗಳು: ತಾರೀಖು, ತಾಸು, ಯಾವ ಕಟ್ಟಿಗಿ, ತೂತಿನ ಅಗಲ, ಮುಚ್ಚಳ ಎಂಥದ್ದು, ಬಂದದ್ದು ಏನು ಹಿಡಕೊಂಡು ಬಂತು, ಎಷ್ಟು ಹೊತ್ತು ಇತ್ತು. ಫೋಟೊ ತಗದ್ರ ಪಕ್ಕದಿಂದ ಒಂದು, ಮ್ಯಾಲಿಂದ ಒಂದು, ಹಿಂದಿನ ಕಾಲು ಕಾಣೂವಂಗ ಒಂದು.

ಕಾಕಾ: ಇನ್ನೊಂದು ಸಾಲು ಹಾಕು. ಆ ದಿನ ಸುತ್ತಮುತ್ತಲ ಹೊಲದಾಗ ಯಾವ ಬೆಳಿ ಹೂ ಬಿಟ್ಟಿತ್ತು, ಯಾವ ಹೊಲಕ್ಕ ಔಷಧ ಹೊಡದಿದ್ರು ಅಂತ. ತೊಗರಿ ಹೂ ಇದ್ದಾಗ ಎಲಿ ಮುಚ್ಚಿದ ತೂತ ಹೆಚ್ಚೋ ಕಡಿಮಿಯೋ, ಔಷಧ ಹೊಡದ ಮ್ಯಾಲ ಏನಾತು, ಅದು ನಮಗ ಒಕ್ಕಲಿಗರಿಗೆ ಬೇಕಾದದ್ದು. ನಿಮ್ಮ ಪುಸ್ತಕದಾಗ ಉಗರಗೋಳದ ಹೊಲ ಇರೂದಿಲ್ಲ. ಅದನ್ನ ನಾವ ಬರೀಬೇಕು.